ಹದಿನೇಳನೇ ನಂಬರಿನ ಮೂರನೇ ಜಿಗಿತ

ಹಾಲ್‌ನ ಮೂಲೆಯಲ್ಲಿ ಬಿದ್ದಿದ್ದ ಕಂದು ಚೆಂಡನ್ನು ಗುಮಾಸ್ತರು ಫುಟ್‌ಬಾಲ್ ಅಂದುಕೊಂಡರು. ಅದು ಮೊದಲ ತಪ್ಪು. ಎದುರಿಗೆ ಹನ್ನೆರಡು ಹುಡುಗಿಯರು ಸಾಲಾಗಿ ನಿಂತಿದ್ದರು. ವಯಸ್ಸು ಐವತ್ತೆರಡಾದರೂ ತಾವಿನ್ನೂ ಪೂರ್ತಿಯಾಗಿ ಕುರ್ಚಿಗೆ ಅಂಟಿಕೊಂಡಿಲ್ಲ ಎಂದು ಲೋಕಕ್ಕೆ ತೋರಿಸಲು ಇದೇ ಸುಸಮಯ ಎನ್ನಿಸಿದ್ದು ಎರಡನೆಯ ತಪ್ಪು. ಕೈಯಲ್ಲಿದ್ದ ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ನಾಲ್ಕು ಹೆಜ್ಜೆ ಓಡಿಬಂದು, ಒದ್ದರು.

ಅದು ಒದೆಯುವ ಚೆಂಡಲ್ಲ, ಎಸೆಯುವ ಚೆಂಡು. ಒಳಗೆ ಗಾಳಿಯ ಬದಲು ಮೂರು ಕಿಲೋ ಭಾರ ತುಂಬಿರುತ್ತದೆ. ಒದೆ ತಿಂದ ಚೆಂಡು ಯಾರೋ ಬಾಗಿಲು ತಟ್ಟಿದರೇನೋ ಎನ್ನುವಂತೆ ಒಂದಿಷ್ಟು ಹೊರಳಿ ಮತ್ತೆ ಕೂತಿತು. ಗುಮಾಸ್ತರು ಕೂರಲಿಲ್ಲ. ಒಂದೇ ಕಾಲಿನ ಮೇಲೆ ಹಾಲ್‌ನ ಅರ್ಧ ಉದ್ದ ಕುಣಿದುಕೊಂಡು ಹೋಗಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಜಟ್ಟಿ ಜಾರಿಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ಗುಮಾಸ್ತರಿಗೆ ಮೀಸೆಯೂ ಇರಲಿಲ್ಲ.

ಹುಡುಗಿಯರು ಬಾಯಿ ಮೇಲೆ ಕೈಯಿಟ್ಟುಕೊಂಡರು. ನಗದೆ ಇದ್ದವರು ಒಬ್ಬರೇ, ನರೆತ ಕೂದಲನ್ನು ಬಿಗಿಯಾಗಿ ಕಟ್ಟಿದ್ದ ಹೆಂಗಸು. ಅವರು ಸೊಂಟಕ್ಕೆ ಸಿಕ್ಕಿಸಿದ್ದ ಟೇಪು ತೆಗೆದು, ಸರಿಯಿಲ್ಲದ ಮೊಣಕಾಲನ್ನು ಜೋಪಾನವಾಗಿ ಮಡಿಸಿ ಕೂತು, ಚೆಂಡು ಮೊದಲಿದ್ದ ಜಾಗದಿಂದ ಈಗಿನ ಜಾಗದವರೆಗೆ ಅಳೆದರು.

"ಹನ್ನೊಂದು ಸೆಂಟಿಮೀಟರ್. ಇನ್ನೂ ಎರಡು ಚಾನ್ಸ್ ಇದೆ."

"ಸಾಕು ಮೇಡಮ್."

"ಸಾಕು ಅಂದ್ರೆ ಸಾಕು. ಇದೆ ಅಂತ ಹೇಳೋದು ನನ್ನ ಕೆಲಸ."

ಗೋಡೆಯ ಮೇಲೆ ಜಿಗಿತ ಅಳೆಯುವುದರಿಂದ ಎಲ್ಲರೂ ಗೋಡೆಯಕ್ಕ ಎನ್ನುತ್ತಿದ್ದ ಆ ಹೆಂಗಸಿನ ಪರಿಚಯ ಗುಮಾಸ್ತರಿಗೆ ಆದದ್ದು ಹೀಗೆ, ಒಂದು ಸೋಮವಾರದ ಬೆಳಗ್ಗೆ. ಒಂದೇ ಆವರಣದಲ್ಲಿ ಇಬ್ಬರೂ ಇಪ್ಪತ್ತೆರಡು ವರ್ಷದಿಂದ ದುಡಿಯುತ್ತಿದ್ದರು, ಆದರೆ ಕ್ರೀಡಾ ತರಬೇತಿ ಕೇಂದ್ರದ ಆಫೀಸು ಮುಂದಿನ ಗೇಟಿನ ಹತ್ತಿರ, ಪರೀಕ್ಷೆಯ ಹಾಲ್ ಹಿಂದಿನ ಗೇಟಿನ ಹತ್ತಿರ. ನಡುವೆ ಮೈದಾನ. ಮೈದಾನ ದಾಟುವುದು ಗುಮಾಸ್ತರ ಮಟ್ಟಿಗೆ ವ್ಯಾಯಾಮವಾಗಿತ್ತು, ವ್ಯಾಯಾಮವನ್ನು ಅವರು ಫೈಲಿನಲ್ಲಿ ಮಾತ್ರ ನಂಬುತ್ತಿದ್ದರು.

ಗೋಡೆಯಕ್ಕನ ಬಗ್ಗೆ ಅವರಿಗೆ ಮೊದಲಿನಿಂದ ಗೊತ್ತಿದ್ದದ್ದು ಒಂದು ಫೈಲು. ತಾವು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಾಲ್‌ನಿಂದ ಒಂದು ಬೇಡಿಕೆ ಪತ್ರ ಬಂದಿತ್ತು: "ಸ್ಫೋಟಕ ಶಕ್ತಿ ಪರೀಕ್ಷೆಗೆ ಬೇಕಾದ ಸಾಮಗ್ರಿ: ಸೀಮೆಸುಣ್ಣದ ಪುಡಿ ಹತ್ತು ಡಬ್ಬ, ಒರೆಸುವ ಬಟ್ಟೆ ನಾಲ್ಕು." ಗುಮಾಸ್ತರು ಅದರ ಮೇಲೆ ಕೆಂಪು ಶಾಯಿಯಲ್ಲಿ "ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಪಡೆಯತಕ್ಕದ್ದು" ಎಂದು ಬರೆದು ವಾಪಸ್ ಕಳಿಸಿದ್ದರು. ಆ ಕಾಗದ ಇಂದಿಗೂ ಆಫೀಸಿನಲ್ಲಿ ಬೇಸರದ ದಿನಗಳಂದು ಕಪಾಟಿನಿಂದ ಹೊರಬರುತ್ತದೆ.

ಈಗ ಗುಮಾಸ್ತರನ್ನು ಮ್ಯಾನೇಜರು ಎರಡು ಕೆಲಸ ಕೊಟ್ಟು ಅಟ್ಟಿದ್ದರು. ಶನಿವಾರ ಗೋಡೆಯಕ್ಕ ನಿವೃತ್ತಿಯಾಗುತ್ತಾರೆ. ಅವರ ಮೇಲೆ ಎರಡು ಪುಟದ ಜೀವನ ಚಿತ್ರ ಬರೆಯಬೇಕು, ಕೇಂದ್ರದ ಪುಸ್ತಿಕೆಯಲ್ಲಿ ಅಚ್ಚಾಗುತ್ತದೆ. ಅದರ ಬೆನ್ನಿಗೇ ಸೋಮವಾರ ಹಾಲ್ ಕೆಡವುತ್ತಾರೆ. ಅಲ್ಲಿರುವ ಸಾಮಾನಿನ ಪಟ್ಟಿ ಮಾಡಬೇಕು. ಹೊಸ ಕಟ್ಟಡಕ್ಕೆ ಒಂದು ಚಾಪೆ ಬರುತ್ತದಂತೆ. ಅದರ ಮೇಲೆ ಹಾರಿದರೆ ಸಾಕು, ಎಷ್ಟು ಹಾರಿದರೆಂದು ಅದೇ ಹೇಳುತ್ತದೆ. ಗೋಡೆಯೂ ಬೇಡ, ಅಕ್ಕನೂ ಬೇಡ.

ಗುಮಾಸ್ತರು ಕಾಲಿಗೆ ಬಟ್ಟೆ ಸುತ್ತಿಕೊಂಡು ಬೆಂಚಿನ ಮೇಲೆ ಕೂತು ಶುರು ಮಾಡಿದರು. "ಈ ಸ್ಫೋಟಕ ಶಕ್ತಿ ಅಂದ್ರೆ ಏನು ಮೇಡಮ್? ಓದುಗರಿಗೆ ಗೊತ್ತಾಗೋ ಹಾಗೆ ಹೇಳಿ."

"ಮೂಟೆ ಹೊರೋನಿಗೆ ಶಕ್ತಿ ಇರುತ್ತೆ. ನಿಧಾನಕ್ಕೆ ಎತ್ತುತ್ತಾನೆ, ನಿಧಾನಕ್ಕೆ ಇಳಿಸ್ತಾನೆ. ಬೆಕ್ಕು ನಾಯಿ ಕಂಡ ತಕ್ಷಣ ಕಾಂಪೌಂಡ್ ಮೇಲಿರುತ್ತಲ್ಲ, ಅದು ಇದು. ಇರೋದನ್ನೆಲ್ಲ ಒಂದೇ ಕ್ಷಣದಲ್ಲಿ ಖರ್ಚು ಮಾಡೋದು."

"ಅದನ್ನ ಅಳೆಯೋಕೆ?"

"ಗೋಡೆ ಸಾಕು. ಟೇಪು ಸಾಕು. ನೀವು ಒದ್ದ ಚೆಂಡು ಸಾಕು."

ಹಾಲ್ ಹಿಂದೊಮ್ಮೆ ಉಗ್ರಾಣವಾಗಿತ್ತು. ಮಾಡಿನ ಹತ್ತಿರ ಎರಡು ಸಣ್ಣ ಗವಾಕ್ಷಿ, ನೆಲಕ್ಕೆ ಹಲಗೆ. ಒಂದು ಕಡೆ, ನಿಂತಲ್ಲಿಂದ ಮುಂದಕ್ಕೆ ಜಿಗಿಯುವವರಿಗೆ ನೆಲದ ಮೇಲೆ ಬಳಿದ ಗೆರೆಗಳು. ಇನ್ನೊಂದು ಕಡೆ ಆ ಗೋಡೆ. ನೆಲದಿಂದ ಮೂರೂವರೆ ಮೀಟರಿನವರೆಗೆ ಕಪ್ಪು ಬಣ್ಣ, ಅದರ ಮೇಲೆ ಸೆಂಟಿಮೀಟರಿಗೊಂದು ಬಿಳಿ ಗೆರೆ. ಪಕ್ಕದಲ್ಲಿ ಮೆಟ್ಟಿಲಿರುವ ಸ್ಟೂಲು, ಪುಡಿಯ ತಟ್ಟೆ, ನೀರಿನ ಬಕೆಟ್ಟು, ಬಟ್ಟೆ.

ಅಂದು ಪರೀಕ್ಷೆ ನಡೆಯುತ್ತಿತ್ತು. ಹುಡುಗಿಯರ ಎದೆಯ ಮೇಲೆ ಬಟ್ಟೆಯ ನಂಬರು. ಹೆಸರು ಕೇಳುವ ಅಭ್ಯಾಸ ಗೋಡೆಯಕ್ಕನಿಗಿಲ್ಲ. ಒಬ್ಬಳು ಬೆರಳನ್ನು ಪುಡಿಗೆ ಅದ್ದಿ, ಗೋಡೆಗೆ ಪಕ್ಕಾಗಿ ನಿಂತು, ಕೈ ಚಾಚಿ ಮುಟ್ಟುತ್ತಾಳೆ. ಅದು ಕೆಳಗಿನ ಗುರುತು. ಆಮೇಲೆ ಮಂಡಿ ಬಗ್ಗಿಸಿ, ನಿಂತಲ್ಲಿಂದಲೇ ಹಾರಿ ಎಟುಕಿದಷ್ಟು ಮೇಲೆ ಮುಟ್ಟುತ್ತಾಳೆ. ಎರಡರ ನಡುವಿನ ಅಂತರವೇ ಅವಳ ಜಿಗಿತ. ಮೂರು ಅವಕಾಶ. ಹುಡುಗಿಯರು ನಲವತ್ತೈದು ಮುಟ್ಟಿದರೆ ಕೇಂದ್ರದಲ್ಲಿ ಉಳಿಯುತ್ತಾರೆ, ಇಲ್ಲದಿದ್ದರೆ ಪೆಟ್ಟಿಗೆ ಕಟ್ಟುತ್ತಾರೆ.

ಎಲ್ಲರೂ "ಮಿಡತೆ" ಎಂದು ಕರೆಯುವ ಉದ್ದ ಕಾಲಿನ ಹುಡುಗಿ ಗೋಡೆಗೆ ಒರಗಿ ಕೈ ಚಾಚಿದಳು.

"ಭುಜ ಕದೀಬೇಡ," ಎಂದರು ಗೋಡೆಯಕ್ಕ.

"ಇಲ್ಲಕ್ಕಾ, ಇಷ್ಟೇ ಎಟುಕೋದು."

"ಬಸ್ಸಲ್ಲಿ ಮೇಲಿನ ಕಂಬಿ ಹಿಡ್ಕೊಳ್ಳೋವಾಗ ಎಟುಕುತ್ತಲ್ಲ. ಪೂರ್ತಿ ಚಾಚು."

ಮಿಡತೆ ನಾಲಿಗೆ ಕಚ್ಚಿಕೊಂಡು ಚಾಚಿದಳು. ಬೆರಳು ಎರಡು ಗೆರೆ ಮೇಲೇರಿತು. ಗುಮಾಸ್ತರಿಗೆ ವಿಷಯ ಅರ್ಥವಾದದ್ದು ಆಗ: ನಿಂತು ಮುಟ್ಟುವಾಗ ಭುಜವನ್ನು ಒಂದಿಷ್ಟು ಕುಗ್ಗಿಸಿದರೆ ಕೆಳಗಿನ ಗುರುತು ಇಳಿಯುತ್ತದೆ, ಜಿಗಿತ ಪುಕ್ಕಟೆಯಾಗಿ ಎರಡು ಸೆಂಟಿಮೀಟರ್ ಬೆಳೆಯುತ್ತದೆ. ಭುಜ ಕದಿಯುವುದೆಂದರೆ ಅದು.

ಹಾರಿದ ಮೇಲೆ ಗೋಡೆಯಕ್ಕ ಸ್ಟೂಲು ಹತ್ತಿದರು, ನಡುಬೆರಳಿನ ತುದಿಗೆ ಕಣ್ಣು ಸಮ ಮಾಡಿ ಓದಿದರು, ಗಟ್ಟಿಯಾಗಿ ಕೂಗಿದರು: "ಒಂಬತ್ತು. ಮೊದಲನೇದು. ನಲವತ್ತಾರು." ಪುಸ್ತಕದಲ್ಲಿ ಬರೆದರು. ಆಮೇಲೆ, "ಒರೆಸು."

ಮಿಡತೆಯೇ ಬಟ್ಟೆ ಹಿಂಡಿ ತನ್ನ ಗುರುತನ್ನು ಒರೆಸಿದಳು. ಗುಮಾಸ್ತರು ಗಮನಿಸುತ್ತ ಹೋದರು. ಹನ್ನೆರಡು ಹುಡುಗಿಯರೂ ಅಷ್ಟೇ. ಗೋಡೆಯಕ್ಕ ಬಟ್ಟೆಯನ್ನು ಮುಟ್ಟಲೇ ಇಲ್ಲ.

"ನೀವೇ ಒರೆಸಿದ್ರೆ ಬೇಗ ಮುಗಿಯಲ್ವಾ?"

"ಗುರುತು ಯಾರದೋ, ಒರೆಸೋದೂ ಅವರೇ," ಎಂದರು. "ಅದು ಈ ಹಾಲ್‌ನ ಕ್ರಮ."

ಆಮೇಲಿನ ಎರಡು ದಿನ ಗುಮಾಸ್ತರು ಜೀವನ ಚಿತ್ರಕ್ಕೆ ಸಾಮಗ್ರಿ ಹೆಕ್ಕಿದರು. ಕಲ್ಲಿನಿಂದ ನಾರು ತೆಗೆದಷ್ಟೇ ಸುಲಭವಾಗಿತ್ತು. ಹರೆಯದಲ್ಲಿ ತಾವೂ ಎತ್ತರ ಜಿಗಿತದವರಂತೆ. ಎಷ್ಟು ಹಾರುತ್ತಿದ್ದಿರಿ ಎಂದರೆ ಸಂಖ್ಯೆ ಬಂತು. ಯಾಕೆ ಬಿಟ್ಟಿರಿ ಎಂದರೆ "ಎಡ ಮೊಣಕಾಲು" ಎಂದು ಬಂತು. ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಇಲ್ಲಿ ಸೇರಿದರು, ಮೂವತ್ತೊಂದು ವರ್ಷವಾಯಿತು. ಮದುವೆಯಾಗಲಿಲ್ಲ. ಮಾರ್ಕೆಟ್ಟಿನ ಹಿಂದೆ ತಂಗಿಯ ಮನೆಯಲ್ಲಿ ಮೇಲಿನ ಕೋಣೆ. ಆ ತಂಗಿಯನ್ನು ನೋಡಲು ಗಂಡು ಬಂದಾಗ ಮನೆಯವರೆಲ್ಲ ಕೆಲಸವೇನು, ಸಂಬಳವೆಷ್ಟು ಎಂದು ವಿಚಾರಿಸುತ್ತಿದ್ದರೆ, ಇವರು ಬಾಗಿಲಲ್ಲಿ ನಿಂತು ಒಮ್ಮೆ ನೋಡಿ, "ಇನ್ನೂರ ಇಪ್ಪತ್ತಾರು ಎಟುಕುತ್ತೆ. ಅಟ್ಟದ ಡಬ್ಬ ಇಳಿಸೋಕೆ ಸ್ಟೂಲು ಬೇಕಾಗಲ್ಲ," ಎಂದರಂತೆ. ಸಂಬಂಧ ಕುದುರಿತು. ಭಾವನವರು ಇಂದಿಗೂ ಡಬ್ಬ ಇಳಿಸುತ್ತಿದ್ದಾರೆ.

ಪಟ್ಟಿಯ ಕೆಲಸ ಸಲೀಸಾಗಿತ್ತು, ಒಂದು ಕಡೆ ಮಾತ್ರ ಎಡವಿತು. ಎದೆಯ ನಂಬರುಗಳನ್ನು ಎಣಿಸಿದರೆ ಒಂದರಿಂದ ಮೂವತ್ತರವರೆಗೆ ಇಪ್ಪತ್ತೊಂಬತ್ತು ಇದ್ದವು. ಹದಿನಾರು ಆದ ಮೇಲೆ ಹದಿನೆಂಟು.

"ಹದಿನೇಳು ಎಲ್ಲಿ?"

"ಇಲ್ಲ ಅಂತ ಬರ್ಕೊಳ್ಳಿ."

"ಯಾವಾಗಿಂದ ಇಲ್ಲ?"

ಗೋಡೆಯಕ್ಕ ಪುಡಿಯ ತಟ್ಟೆಯನ್ನು ಅಳತೆಪಟ್ಟಿಯ ಅಂಚಿನಿಂದ ಸಮ ಮಾಡುತ್ತಿದ್ದರು. ಕೆನೆಗಟ್ಟಿದ ಹಾಲಿನ ಹಾಗೆ ಪುಡಿ ನುಣ್ಣಗಾಯಿತು.

ಅದೇ ಹೊತ್ತಿಗೆ ಗುಮಾಸ್ತರ ಕಣ್ಣಿಗೆ ಗೋಡೆಯ ಮೇಲಿನ ಒಂದು ಗುರುತು ಬಿತ್ತು. ಎಲ್ಲ ಹುಡುಗಿಯರೂ ತಮ್ಮ ತಮ್ಮ ಗುರುತು ಒರೆಸಿ ಹೋಗಿದ್ದರು. ಇದು ಉಳಿದಿತ್ತು. ಎರಡೂವರೆ ಮೀಟರಿನ ಗೆರೆಯ ಮೇಲೆ ನಾಲ್ಕು ಬೆರಳಿನ ತುದಿ, ಸಣ್ಣವು. ಕೆಳಗೆ ಅದರ ಜೊತೆಯ ಗುರುತಿಲ್ಲ. ನೆಲದ ಮೇಲೆ ಯಾರೂ ನಿಲ್ಲದೆ ಆಕಾಶದಿಂದ ಬಂದು ಮುಟ್ಟಿ ಹೋದ ಹಾಗೆ, ಮೇಲಿನದೊಂದೇ.

"ಅದು?"

"ಕಲೆ," ಎಂದರು ಗೋಡೆಯಕ್ಕ. "ಊಟದ ಹೊತ್ತಾಯ್ತು. ಏಳಿ."

ಒಂದು ಗಂಟೆಗೆ ಗಂಟೆ ಹೊಡೆಯುತ್ತದೆ, ಎರಡರವರೆಗೆ ಹಾಲ್ ಖಾಲಿ. ಗೋಡೆಯಕ್ಕ ಹೊರಗಿನ ಮೆಟ್ಟಿಲ ಮೇಲೆ, ಬಾಗಿಲಿಗೆ ಬೆನ್ನು ಹಾಕಿ, ಡಬ್ಬಿ ಬಿಚ್ಚುತ್ತಾರೆ. ಮಳೆಯಿದ್ದರೂ ಕೊಡೆ ಹಿಡಿದು ಅಲ್ಲೇ. ಅದು ಅವರ ತಿಕ್ಕಲು ಎಂದು ಎಲ್ಲರೂ ತಿಳಿದಿದ್ದರು.

ಬುಧವಾರ ಗುಮಾಸ್ತರು ಮೈದಾನದ ಅರ್ಧ ದಾಟಿದ ಮೇಲೆ ಕನ್ನಡಕ ಬಿಟ್ಟುಬಂದದ್ದು ನೆನಪಾಯಿತು. ವಾಪಸ್ ಬಂದರು. ಮೆಟ್ಟಿಲ ಮೇಲಿದ್ದ ಗೋಡೆಯಕ್ಕ ಏನೋ ಹೇಳಲು ಬಾಯಿ ತೆರೆದರು. ಗುಮಾಸ್ತರು ಆಗಲೇ ಒಳಗಿದ್ದರು.

ಹಾಲ್ ನಿಶ್ಶಬ್ದವಾಗಿತ್ತು. ಗವಾಕ್ಷಿಯಿಂದ ಒಂದು ಪಟ್ಟೆ ಬಿಸಿಲು ಕಪ್ಪು ಗೋಡೆಯ ಮೇಲೆ ಓರೆಯಾಗಿ ಬಿದ್ದಿತ್ತು. ಕನ್ನಡಕ ಪುಡಿಯ ತಟ್ಟೆಯ ಪಕ್ಕದಲ್ಲೇ ಇತ್ತು. ಗುಮಾಸ್ತರು ಕೈ ಚಾಚಿದರು. ನುಣ್ಣಗೆ ಸಮ ಮಾಡಿದ್ದ ಪುಡಿಯಲ್ಲಿ ನಾಲ್ಕು ಕುಳಿ ಇದ್ದವು. ಅವರು ನೋಡುತ್ತಿದ್ದಂತೆ ಕುಳಿಯ ಅಂಚಿನ ಪುಡಿ ಸಣ್ಣಗೆ ಒಳಕ್ಕೆ ಜಾರುತ್ತಿತ್ತು, ಬೆರಳು ಈಗಷ್ಟೇ ಹೊರಬಂದಂತೆ.

ಗೋಡೆಯ ಬುಡದಲ್ಲಿ ಹಲಗೆ ಕಿರ್ ಎಂದಿತು. ಯಾರೋ ಮಂಡಿ ಬಗ್ಗಿಸಿದಾಗ ಭಾರ ಇಳಿಯುತ್ತದಲ್ಲ, ಹಾಗೆ. ಒಂದು ಉಸಿರಿನಷ್ಟು ಹೊತ್ತು. ಮತ್ತೆ ಮೇಲೆ, ಗೋಡೆಯ ಮೇಲೆ, ಟಪ್. ಆಮೇಲೆ ಕೆಳಗೆ ಎರಡು ಕಾಲು ಒಟ್ಟಿಗೆ, ಧಪ್.

ಬಿಸಿಲಿನ ಪಟ್ಟೆಯಲ್ಲಿ ಬಿಳಿ ಪುಡಿ ನಿಧಾನವಾಗಿ ಇಳಿಯುತ್ತಿತ್ತು. ಎರಡೂವರೆ ಮೀಟರಿನ ಗುರುತು ಈಗ ಇನ್ನೂ ಬೆಳ್ಳಗಿತ್ತು.

ಗುಮಾಸ್ತರು ಹೊರಬಂದದ್ದನ್ನು ಟೇಪು ಹಿಡಿದು ಅಳೆದಿದ್ದರೆ ಕೇಂದ್ರದ ದಾಖಲೆ ಮುರಿಯುತ್ತಿತ್ತು. ಒದ್ದ ಕಾಲಿನ ಹೆಬ್ಬೆರಳಿನ ನೋವು ಆ ಹೊತ್ತಿಗೆ ಅವರಿಗೆ ಸೇರಿದ್ದಾಗಿರಲಿಲ್ಲ.

ಗೋಡೆಯಕ್ಕ ತಿರುಗಿ ನೋಡಲಿಲ್ಲ. "ಕನ್ನಡಕ ಸಿಕ್ತಾ?"

"ಇರ್ಲಿ ಮೇಡಮ್. ಓದೋಕೆ ತಾನೇ ಬೇಕು."

ಸಂಜೆ ಮನೆಯಲ್ಲಿ ಹೆಂಡತಿ, ಕನ್ನಡಕವಿಲ್ಲದೆ ಪೇಪರನ್ನು ತಲೆಕೆಳಗಾಗಿ ಹಿಡಿದಿದ್ದ ಗಂಡನಿಂದ ವಿಷಯವನ್ನೆಲ್ಲ ಹೊರಡಿಸಿದರು. ಕೇಳಿ ಮುಗಿಸಿ, ಬಟ್ಟೆ ಮಡಿಸುವುದನ್ನು ನಿಲ್ಲಿಸದೆ ಹೇಳಿದರು: "ದೆವ್ವ ಇದ್ರೆ ಇರ್ಲಿ ಬಿಡಿ. ದಿನಾ ಬಂದು ಹಾರುತ್ತೆ ಅಂದ್ರೆ ಕಷ್ಟಪಡೋ ದೆವ್ವ. ನಿಮ್ಮ ಆಫೀಸಲ್ಲಿ ಬದುಕಿರೋರು ಯಾರು ಅಷ್ಟು ಕಷ್ಟಪಡ್ತಾರೆ?" ಆಮೇಲೆ, "ಅಲ್ಲಾ, ದಿನಾ ಯಾಕೆ ಹಾರುತ್ತೆ ಅಂತ ಯಾರೂ ಕೇಳ್ಲಿಲ್ವಾ?" ಎಂದರು.

ಆ ಪ್ರಶ್ನೆಯನ್ನು ಗುರುವಾರ ಬೆಳಗ್ಗೆ ಗುಮಾಸ್ತರು ಗೋಡೆಯಕ್ಕನ ಮುಂದಿಟ್ಟರು. ಅವರು ಕನ್ನಡಕವನ್ನು ತಮ್ಮ ಸೆರಗಿನಲ್ಲಿ ಒರೆಸಿ ಇವರ ಕೈಗೆ ಕೊಟ್ಟರು.

"ನೀವು ನೋಡಿಬಿಟ್ರಲ್ಲ, ಇನ್ನು ಮುಚ್ಚಿಟ್ಟು ಏನಾಗ್ಬೇಕು," ಎಂದರು. "ಪುಸ್ತಿಕೆಯಲ್ಲಿ ಹಾಕಬೇಡಿ."

ಆಗ ಗೋಡೆಯಕ್ಕ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಪರೀಕ್ಷೆಯ ದಿನ ಕೊನೆಯವಳು ಹದಿನೇಳನೇ ನಂಬರು. ಮೊದಲ ಸಲ ನಲವತ್ತೊಂದು, ಎರಡನೆಯ ಸಲ ನಲವತ್ತಮೂರು. ಮೂರನೆಯದಕ್ಕೆ ಹುಡುಗಿ ಕಣ್ಣು ಮುಚ್ಚಿ ತುಂಬ ಹೊತ್ತು ನಿಂತಳು. ಹಾರಿದಳು. ಅವಳ ಕಾಲು ನೆಲ ಮುಟ್ಟುವುದಕ್ಕೂ ಊಟದ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು.

"ಬೆಳಗ್ಗೆಯಿಂದ ಒರೆಸಿ ಒರೆಸಿ ಕೈಗೆ ಅದೇ ರೂಢಿ. ಹೊಟ್ಟೆ ಬೇರೆ ಹಸಿದಿತ್ತು. ಗಂಟೆ ಕೇಳಿದ್ದೇ ಬಟ್ಟೆ ಎತ್ತಿ ಒಂದೇ ಸಲಕ್ಕೆ ಮೇಲಿಂದ ಕೆಳಗೆ ಎಳೆದುಬಿಟ್ಟೆ. ಸ್ಟೂಲು ಹತ್ತಲೇ ಇಲ್ಲ. ಅವಳು ತಿರುಗಿದಳು. ಗೋಡೆ ಒದ್ದೆ. ‘ಎಷ್ಟಕ್ಕಾ?’ ಅಂದಳು."

ಗೋಡೆಯಕ್ಕ ಟೇಪನ್ನು ಎಳೆದರು, ಬಿಟ್ಟರು. ಅದು ಸರಕ್ಕನೆ ಒಳಹೋಯಿತು.

"ಗೊತ್ತಿಲ್ಲ ಅಂದೆ. ‘ಇನ್ನೊಂದ್ಸಲ ಹಾರ್ಲಾ?’ ಅಂದಳು. ಕೋಚು ನನ್ನ ಮುಖ ನೋಡಿದರು. ತಪ್ಪು ನನ್ನದು ಅಂತ ಗೊತ್ತಾಗಬಾರದಲ್ಲ. ‘ಮೂರೂ ಆಯ್ತಲ್ಲ’ ಅಂದುಬಿಟ್ಟೆ. ಪುಸ್ತಕದಲ್ಲಿ ಮೂರನೇ ಮನೆಗೆ ಒಂದು ಗೀಟು ಎಳೆದೆ. ಸಂಜೆಯ ಬಸ್ಸಿಗೆ ಅವಳು ಊರಿಗೆ ಹೋದಳು."

ಅದೇ ವರ್ಷ ಹುಡುಗಿ ಜ್ವರ ಬಂದು ತೀರಿಕೊಂಡಳು. ಕೊನೆಯ ದಿನಗಳಲ್ಲಿ, ಮೂರನೆಯದು ಎಷ್ಟಾಯಿತು ಎಂದು ಆ ಅಕ್ಕನನ್ನು ಕೇಳಿಕೊಂಡು ಬಾ ಎಂದು ತಾಯಿಗೆ ಹೇಳುತ್ತಿದ್ದಳಂತೆ. ತಾಯಿ ಬಂದರು, ಹಾಲ್‌ನ ಬಾಗಿಲಲ್ಲಿ ನಿಂತು ಕೇಳಿದರು. ಗೋಡೆಯಕ್ಕನ ಹತ್ತಿರ ಉತ್ತರವಿರಲಿಲ್ಲ. ತಾಯಿ ಹೋದ ಮಾರನೆಯ ಮಧ್ಯಾಹ್ನ ಗೋಡೆಯ ಮೇಲೆ ಗುರುತು ಬಂದಿತ್ತು. ಒರೆಸಿದರು. ಮತ್ತೆ ಬಂತು. ಒಂದು ವಾರ ಒರೆಸಿ, ಆಮೇಲೆ ಬಿಟ್ಟರು. ಗುರುತು ಯಾರದೋ ಒರೆಸುವುದೂ ಅವರೇ ಎಂಬ ಕ್ರಮ ಅಂದಿನಿಂದ ಬಂದದ್ದು.

"ತಾಯಿ ಇನ್ನೂ ಇದ್ದಾರೆ. ಎಂಬತ್ತರ ಮೇಲಾಯ್ತು. ವರ್ಷಕ್ಕೊಂದು ಕಾರ್ಡು ಬರೀತಾರೆ. ಕೊನೇ ಸಾಲು ಪ್ರತಿ ವರ್ಷ ಒಂದೇ."

"ಹಾಗಾದ್ರೆ ಗುರುತು ಇದೆಯಲ್ಲ ಅಕ್ಕಾ. ಇನ್ನೂರೈವತ್ತು ಅಂತ ಬರೆದುಬಿಡಿ." ಮೇಡಮ್ ಎಂಬುದು ಅಕ್ಕ ಆದದ್ದು ಗುಮಾಸ್ತರ ಗಮನಕ್ಕೆ ಬರಲಿಲ್ಲ.

"ಮೇಲಿನದೊಂದೇ ಇಟ್ಕೊಂಡು ಏನು ಮಾಡ್ಲಿ? ನಿಂತು ಮುಟ್ಟಿದ್ದು ಬೇಡ್ವಾ? ಅವತ್ತಿನ ಪುಸ್ತಕದಲ್ಲಿ ಬರೀ ಜಿಗಿತ ಬರೀತಿದ್ವಿ, ನಿಂತದ್ದು ಬರೀತಿರಲಿಲ್ಲ. ಮೂವತ್ತೊಂದು ವರ್ಷ ದಿನಾ ಹಾರಿ ತೋರಿಸ್ತಾಳೆ, ನನಗೆ ಓದೋಕಾಗಲ್ಲ. ಸೋಮವಾರ ಗೋಡೆ ಹೋಗುತ್ತೆ. ಆಮೇಲೆ ಅವಳು ಎಲ್ಲಿ ಹಾರ್ತಾಳೆ, ಆ ತಾಯಿಗೆ ನಾನೇನು ಹೇಳ್ಲಿ?"

ಗುಮಾಸ್ತರು ಧೈರ್ಯವಂತರಲ್ಲ, ಅದನ್ನು ಅವರ ಹೆಂಡತಿ ಯಾರು ಕೇಳಿದರೂ ಹೇಳುತ್ತಾರೆ. ಆದರೆ ಅಪೂರ್ಣ ಅರ್ಜಿ ಕಂಡರೆ ಅವರಿಗೆ ಕೈ ತುರಿಸುತ್ತದೆ.

"ಅಕ್ಕಾ, ನಮ್ಮಲ್ಲಿ ಅರ್ಜಿಯ ಜೊತೆ ಒಂದು ದಾಖಲೆ ಕಮ್ಮಿ ಇದ್ರೆ ಅರ್ಜಿದಾರರಿಗೇ ಬರೀತೀವಿ, ಇಂಥದ್ದು ಬಂದಿಲ್ಲ, ಕೊಡಿ ಅಂತ. ನೀವು ಅವಳನ್ನ ಕೇಳಿದ್ದೀರಾ?"

"ಯಾರನ್ನ?"

"ಹದಿನೇಳನ್ನ. ಹಾರು ಅಂತ ನೀವೇನೂ ಹೇಳ್ಲಿಲ್ಲ, ಅವಳೇ ಹಾರ್ತಿದ್ದಾಳೆ. ನಿಂತು ಮುಟ್ಟು ಅಂತ ಯಾರಾದ್ರೂ ಹೇಳಿದ್ರಾ?"

ಗೋಡೆಯಕ್ಕ ಟೇಪನ್ನು ಕೆಳಗಿಟ್ಟು ಗುಮಾಸ್ತರ ಕಡೆ ತಿರುಗಿದರು. ಮೂವತ್ತೊಂದು ವರ್ಷ ಬಾಗಿಲಿಗೆ ಬೆನ್ನು ಹಾಕಿ ಕೂತವರ ಮುಖ ಅದು.

"ನಾಳೆ ಒಂದು ಗಂಟೆಗೆ ನೀವೂ ಬನ್ನಿ," ಎಂದರು.

ಸಲಹೆ ಕೊಡುವುದು ಬೇರೆ, ಜೊತೆಗಿರುವುದು ಬೇರೆ ಎಂದು ಗುಮಾಸ್ತರು ಹೇಳಬೇಕೆಂದಿದ್ದರು. ಆದರೆ ಶುಕ್ರವಾರ ಊಟದ ಗಂಟೆ ಹೊಡೆದಾಗ ಅವರು ಹಾಲ್‌ನೊಳಗೆ, ಬೆಂಚಿನ ತೀರ ಅಂಚಿನಲ್ಲಿ, ಬಾಗಿಲು ಎಷ್ಟು ಹೆಜ್ಜೆ ಎಂದು ಲೆಕ್ಕ ಹಾಕುತ್ತ ಕೂತಿದ್ದರು.

ಗೋಡೆಯಕ್ಕ ಚೀಲದಿಂದ ಮಡಿಸಿದ ಬಟ್ಟೆಯೊಂದನ್ನು ತೆಗೆದು ಮೊಳೆಗೆ ತೂಗುಹಾಕಿದರು. ಹದಿನೇಳು. ಹಳದಿಗಟ್ಟಿದ್ದರೂ ಇಸ್ತ್ರಿ ಹಾಕಿತ್ತು. ಹಳೆಯ ಪುಸ್ತಕವನ್ನು ಬಿಚ್ಚಿಟ್ಟರು. ಪುಡಿ ಸಮ ಮಾಡಿದರು. ಆಮೇಲೆ ಎಂದಿನ ದನಿಯಲ್ಲಿ, ಹನ್ನೆರಡು ಹುಡುಗಿಯರು ಸಾಲಾಗಿ ನಿಂತಿದ್ದಾರೋ ಎಂಬಂತೆ, ಕೂಗಿದರು.

"ಹದಿನೇಳು."

ಒಂದು ನೊಣ ಗುಂಯ್ ಎನ್ನುತ್ತಿತ್ತು. ಅದೂ ನಿಂತಿತು.

"ಬೆರಳು ಅದ್ದು. ಗೋಡೆಗೆ ಪಕ್ಕ ನಿಲ್ಲು. ಹಾರೋದು ಬೇಡ. ನಿಂತು ಮುಟ್ಟು."

ಮೊಳೆಯ ಮೇಲಿದ್ದ ಬಟ್ಟೆಯ ದಾರ ತೂಗಿತು. ತಟ್ಟೆಯ ಪುಡಿಯಲ್ಲಿ ಕುಳಿ ಬಿದ್ದವು, ಒಂದಾದ ಮೇಲೆ ಒಂದು, ನಾಲ್ಕು. ಗುಮಾಸ್ತರು ಎದ್ದು ಓಡಬೇಕೆಂದರೆ ಕಾಲುಗಳು ಅಪ್ಪಣೆ ಕೇಳುತ್ತಿದ್ದವು. ಹಲಗೆಯ ಮೇಲೆ ಎರಡು ಹೆಜ್ಜೆ ಸದ್ದಾಯಿತು, ಬರಿಗಾಲಿನದು. ಗೋಡೆಯ ಮೇಲೆ, ಕನ್ನಡಿಯ ಮೇಲೆ ಉಸಿರು ಮೂಡುವ ಹಾಗೆ, ನಾಲ್ಕು ಬಿಳಿ ತುದಿಗಳು ಮೂಡಿದವು. ಇನ್ನೂರ ನಾಲ್ಕರ ಗೆರೆಯ ಮೇಲೆ.

ಗುಮಾಸ್ತರ ತಲೆಯಲ್ಲಿ ಲೆಕ್ಕ ತನ್ನಷ್ಟಕ್ಕೆ ಓಡಿತು. ಇನ್ನೂರೈವತ್ತರಲ್ಲಿ ಇನ್ನೂರ ನಾಲ್ಕು ಕಳೆದರೆ ನಲವತ್ತಾರು. ಪಾಸು. ಹುಡುಗಿ ಪಾಸಾಗಿದ್ದಳು, ಮತ್ತು ಅವಳನ್ನು ಮನೆಗೆ ಕಳಿಸಿದ್ದು ಒಂದು ಒದ್ದೆ ಬಟ್ಟೆ. ಅವರು ಗೋಡೆಯಕ್ಕನ ಮುಖ ನೋಡುವ ಧೈರ್ಯ ಮಾಡಲಿಲ್ಲ.

"ಭುಜ ಕದೀಬೇಡ," ಎಂದರು ಗೋಡೆಯಕ್ಕ.

ಏನೂ ಆಗಲಿಲ್ಲ.

"ನನಗೆ ಗೊತ್ತಾಗುತ್ತೆ ಮಗಾ. ಪೂರ್ತಿ ಚಾಚು."

ಬಿಳಿ ತುದಿಗಳು ನಡುಗಿದವು. ಆಮೇಲೆ, ಮನಸ್ಸಿಲ್ಲದ ಮನಸ್ಸಿನಿಂದ, ಗೋಡೆಯನ್ನು ತೇಯುತ್ತ ಮೇಲಕ್ಕೆ ಜಾರಿದವು. ಒಂದು ಗೆರೆ. ಇನ್ನೊಂದು. ನಿಂತವು.

"ಈಗ ನೀವು ಹತ್ತಿ ಓದಿ," ಎಂದರು ಗೋಡೆಯಕ್ಕ.

"ನಾನಾ?"

"ನಲವತ್ತೈದು ಆದ್ರೆ ತಪ್ಪು ನನ್ನದು, ಆಗದಿದ್ರೆ ನಾನು ಬಚಾವು. ನನ್ನ ಕಣ್ಣನ್ನ ಈ ಒಂದು ಸಲ ನಾನೇ ನಂಬಲ್ಲ. ಹತ್ತಿ."

ಗುಮಾಸ್ತರು ಸ್ಟೂಲು ಹತ್ತಿದರು. ಎರಡೇ ಮೆಟ್ಟಿಲು, ಆದರೆ ಅಷ್ಟು ಎತ್ತರ ಅವರು ಜನ್ಮದಲ್ಲಿ ಏರಿರಲಿಲ್ಲ. ಕನ್ನಡಕ ಸರಿಮಾಡಿಕೊಂಡು ಗೋಡೆಗೆ ಮುಖ ತಂದರು. ಎಡಗಿವಿಯ ಪಕ್ಕದಲ್ಲಿ ಉಸಿರಾಟ ಕೇಳುತ್ತಿತ್ತು. ಹೆದರಿಸುವ ಉಸಿರಲ್ಲ; ಹಾರಿ ದಣಿದು, ಎಷ್ಟಾಯಿತೆಂದು ಕಾಯುವವರ ಉಸಿರು. ಅದು ತಣ್ಣಗಿತ್ತು.

ನಡುಬೆರಳಿನ ತುದಿ ಇನ್ನೂರ ಆರರ ಗೆರೆಯನ್ನು ಸರಿಯಾಗಿ ಮುಟ್ಟಿತ್ತು. ಇನ್ನೂರ ಐದು ಎಂದರೆ ಕಿವಿಯ ಪಕ್ಕದವಳು ಪಾಸು. ಒಂದು ಗೆರೆ ತಾನೇ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಗುಮಾಸ್ತರು ಎಂಥೆಂಥ ತಾರೀಖನ್ನು ಎತ್ತ ಬೇಕಾದರೂ ತಿರುಗಿಸಿದ್ದರು. ಈ ಪಾಪದ ಹುಡುಗಿಗೆ ಒಂದು ಗೆರೆ ಕೊಡಲು ನಾಲಿಗೆ ತುದಿಗಾಲಲ್ಲಿ ನಿಂತಿತ್ತು. ಆದರೆ ಆ ಉಸಿರು ಪಾಸಾಯಿತೇ ಎಂದು ಕೇಳುತ್ತಿರಲಿಲ್ಲ. ಮೂವತ್ತೊಂದು ವರ್ಷದಿಂದ ಅದು ಕೇಳುತ್ತಿದ್ದದ್ದು ಎಷ್ಟು ಎಂದು.

"ಇನ್ನೂರ ಆರು," ಎಂದರು ಗುಮಾಸ್ತರು. ದನಿ ಅವರದೇ ಎಂದು ನಂಬಲು ಸ್ವಲ್ಪ ಹೊತ್ತು ಹಿಡಿಯಿತು. "ಮೇಲಿನದು ಸರಿಯಾಗಿ ಇನ್ನೂರೈವತ್ತು."

ಗೋಡೆಯಕ್ಕ ಬರೆಯಲಿಲ್ಲ. ಪೆನ್ನು ಪುಸ್ತಕದ ಮೇಲೆ ತಡೆದು ನಿಂತಿತು. ಮೂವತ್ತೊಂದು ವರ್ಷ ಹೊತ್ತ ಭಾರ ತಮ್ಮದಲ್ಲ ಎಂದು ತಿಳಿದವರಿಗೆ ಹಗುರವಾಗಬೇಕು. ಅವರು ಹಗುರವಾದಂತೆ ಕಾಣಲಿಲ್ಲ. ಯಾವುದೋ ಹುಡುಗಿಗೆ ಕೆಟ್ಟ ಸುದ್ದಿ ಹೇಳುವ ಮುಂಚೆ ದಿನಾ ನುಂಗುವ ಹಾಗೆ ಉಗುಳು ನುಂಗಿದರು. ಹಳೆಯ ಗೀಟಿನ ಪಕ್ಕದಲ್ಲಿ ಬರೆದರು. ತಲೆಯೆತ್ತಿ, ಗಟ್ಟಿಯಾಗಿ, ಸ್ಪಷ್ಟವಾಗಿ ಕೂಗಿದರು.

"ಹದಿನೇಳು. ಮೂರನೇದು. ನಲವತ್ತನಾಲ್ಕು."

ಉಸಿರು ನಿಂತಿತು. ಹಾಲ್ ಪೂರ್ತಿ ಕಿವಿಯಾಯಿತು. ಸ್ಟೂಲಿನ ಮೇಲಿದ್ದ ಗುಮಾಸ್ತರಿಗೆ ಇಳಿಯುವುದು ಹೇಗೆ ಎಂಬುದೇ ಮರೆತುಹೋಗಿತ್ತು.

"ಚೆನ್ನಾಗೇ ಹಾರಿದೆ," ಎಂದರು ಗೋಡೆಯಕ್ಕ, ಮೆಲ್ಲಗೆ. "ಮೂರರಲ್ಲಿ ಅದೇ ಜಾಸ್ತಿ. ಅವತ್ತೇ ಹೇಳಬೇಕಿತ್ತು." ಆಮೇಲೆ ಎಂದಿನ ದನಿಯಲ್ಲಿ, "ಒರೆಸು."

ಮುಂದಿನದನ್ನು ಗುಮಾಸ್ತರು ನೋಡಲಿಲ್ಲ, ಯಾಕೆಂದರೆ ಕಣ್ಣು ಮುಚ್ಚಿಕೊಂಡಿದ್ದರು. ಬಕೆಟ್ಟಿನ ನೀರು ಕಲಕಿದ್ದು, ಬಟ್ಟೆ ಹಿಂಡಿದ್ದು, ತಮ್ಮ ಮೂಗಿನ ಮುಂದೆ ಗೋಡೆಯ ಮೇಲೆ ಬಟ್ಟೆ ಮೇಲಿಂದ ಕೆಳಗೆ ಜಾರಿದ್ದು ಇಷ್ಟು ಕೇಳಿಸಿತು. ಮುಖಕ್ಕೆ ಎರಡು ಹನಿ ಸಿಡಿದವು. ಕಣ್ಣು ಬಿಟ್ಟಾಗ ಕಪ್ಪು ಗೋಡೆ ಒದ್ದೆಯಾಗಿ ಹೊಳೆಯುತ್ತಿತ್ತು. ಇನ್ನೂರ ಆರು ಇರಲಿಲ್ಲ, ಇನ್ನೂರೈವತ್ತೂ ಇರಲಿಲ್ಲ. ಬಟ್ಟೆ ನಾಲ್ಕು ಮಡಿಕೆಯಾಗಿ ಬಕೆಟ್ಟಿನ ಅಂಚಿನ ಮೇಲೆ ಕೂತಿತ್ತು. ಈಗಿನ ಹುಡುಗಿಯರು ಯಾರೂ ಅಷ್ಟು ಚೆನ್ನಾಗಿ ಮಡಿಸುವುದಿಲ್ಲ.

ಅಂದು ಗೋಡೆಯಕ್ಕ ಗೋಡೆಗೆ ಮುಖ ಮಾಡಿ, ಹಾಲ್‌ನೊಳಗೇ ಕೂತು ಊಟ ಮಾಡಿದರು. ಗುಮಾಸ್ತರಿಗೂ ಅರ್ಧ ಕೊಟ್ಟರು.

ಮಧ್ಯಾಹ್ನವೇ ಗುಮಾಸ್ತರು ಆ ತಾಯಿಗೆ ಒಂದು ಪತ್ರ ಟೈಪು ಮಾಡಿದರು. ತಮ್ಮ ಮಗಳು ಕೇಂದ್ರದ ಪರೀಕ್ಷೆಯಲ್ಲಿ ಮೂರು ಸಲ ಹಾರಿದ ಜಿಗಿತ ಕ್ರಮವಾಗಿ ನಲವತ್ತೊಂದು, ನಲವತ್ತಮೂರು, ನಲವತ್ತನಾಲ್ಕು ಎಂದು ತಿಳಿಸಲಾಗಿದೆ, ಉತ್ತರ ತಡವಾದದ್ದಕ್ಕೆ ವಿಷಾದಿಸಲಾಗಿದೆ. ಅದಕ್ಕೆ ನಂಬರು ಹಾಕಿ, ಮೊಹರು ಒತ್ತಿದರು. ಇಪ್ಪತ್ತೆರಡು ವರ್ಷದಲ್ಲಿ ಅವರ ಕೈಯಿಂದ ಹೊರಬಿದ್ದ ಕಾಗದಗಳಲ್ಲಿ ಯಾರಾದರೂ ನಿಜವಾಗಿ ಕಾಯುತ್ತಿದ್ದದ್ದು ಬಹುಶಃ ಇದೊಂದೇ.

ಶನಿವಾರ ಸಮಾರಂಭವಾಯಿತು. ಮ್ಯಾನೇಜರು ಮಾತಾಡಿದರು, ಮಿಡತೆ ಅತ್ತಳು, ಗೋಡೆಯಕ್ಕನಿಗೆ ಗೋಡೆ ಗಡಿಯಾರವೊಂದನ್ನು ಕೊಟ್ಟರು. ಎಷ್ಟು ಎತ್ತರಕ್ಕೆ ತೂಗುಹಾಕಬೇಕು ಎಂದು ಯಾರೋ ತಮಾಷೆ ಮಾಡಿದರು. ಅವರು ಯೋಚಿಸಿ, ಭಾವನಿಗೆ ಎಟುಕುವಷ್ಟು ಎಂದರು.

ಭಾನುವಾರ ಅವರು ಪತ್ರವನ್ನು ತಾವೇ ಕೊಟ್ಟುಬರಲು ಹೊರಟರು. ಬಸ್ಸು ಹತ್ತಿಸಲು ಗುಮಾಸ್ತರು ಹೋಗಿದ್ದರು, ಇನ್ನೂ ಸ್ವಲ್ಪ ಕುಂಟುತ್ತ. ಚೀಲವನ್ನು ಮೇಲಿಟ್ಟು ಕೆಳಗಿಳಿದು, ಕಿಟಕಿಯ ಹತ್ತಿರ ನಿಂತರು. ಎರಡು ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದನ್ನು ಕೇಳದೆ ಮನೆಗೆ ಹೋದರೆ ಹೆಂಡತಿ ಬಿಡುವುದಿಲ್ಲ.

"ಅಕ್ಕಾ, ನಾಳೆ ಗೋಡೆ ಕೆಡವ್ತಾರೆ. ಅವಳು ಮತ್ತೆ ಬಂದ್ರೆ? ಹೊಸ ಕಟ್ಟಡಕ್ಕೆ, ಆ ಚಾಪೆ ಮೇಲೆ?"

"ಬರಲ್ಲ."

"ಅಷ್ಟು ಖಾತ್ರಿಯಾಗಿ ಹೇಗೆ ಹೇಳ್ತೀರಿ?"

ಬಸ್ಸು ಹೊರಟಿತು. ಗೋಡೆಯಕ್ಕ ಕಿಟಕಿಯ ಗಾಜನ್ನು ಅರ್ಧ ಸರಿಸಿದರು.

"ಮೂರೂ ಆಯ್ತಲ್ಲ," ಎಂದರು.